ಕಾಣದ ಕ್ಷಿಪಣಿಗೆ ಕಿವಿಗೊಟ್ಟು: ದೂರಗಾಮಿ ವಾಯುಕಾಳಗದ ವಿದ್ಯುನ್ಮಾನ ಸಮರ

2025ರ ಮೇ 7ರ ನಸುಕಿನಲ್ಲಿ ಭಾರತ ಹಾಗೂ ಪಾಕಿಸ್ತಾನದ ನಡುವೆ ನಡೆದ ವಾಯುಕಾಳಗದಲ್ಲಿ ಎರಡೂ ಪಡೆಗಳ ವಿಮಾನಗಳು ತಂತಮ್ಮ ಗಡಿಯೊಳಗೇ ಹಾರಾಡುತ್ತಿದ್ದವು. ನೂರಕ್ಕೂ ಅಧಿಕ ವಿಮಾನಗಳು ಪಾಲ್ಗೊಂಡಿದ್ದವೆಂದು ವರದಿಯಾದ ಈ ಕದನದಲ್ಲಿ ಎದುರಾಳಿಯನ್ನು ಕಣ್ಣಾರೆ ಕಾಣುವಷ್ಟು ಸಮೀಪಕ್ಕೆ ಯಾರೂ ಬರಲಿಲ್ಲ. ಕ್ಷಿಪಣಿಗಳು ಕತ್ತಲೆಯೊಳಗಿಂದ ಬಂದವು. ಕೆಲವು ಗುರಿ ಮುಟ್ಟಿದವು, ಕೆಲವು ಹೊಲಗದ್ದೆಗಳಲ್ಲಿ ಬಿದ್ದವು. ಪಂಜಾಬಿನ ಹೋಶಿಯಾರ್‌ಪುರ ಜಿಲ್ಲೆಯಲ್ಲಿ ಸ್ಫೋಟಗೊಳ್ಳದೆ ಬಿದ್ದಿದ್ದ ಚೀನಾ ನಿರ್ಮಿತ ಪಿಎಲ್-15 ಕ್ಷಿಪಣಿಯ ಭಾಗಗಳು ಪತ್ತೆಯಾದವು. ಮೇ 12ರ ಪತ್ರಿಕಾಗೋಷ್ಠಿಯಲ್ಲಿ ಏರ್ ಮಾರ್ಷಲ್ ಎ.ಕೆ. ಭಾರ್ತಿ ಈ ಕ್ಷಿಪಣಿಯ ಅವಶೇಷಗಳ ಚಿತ್ರಗಳನ್ನು ಪ್ರದರ್ಶಿಸಿದರು.

ಭಾರತವೂ ವಿಮಾನ ಕಳೆದುಕೊಂಡಿದೆ ಎಂಬುದನ್ನು ರಕ್ಷಣಾ ಪಡೆಗಳ ಮುಖ್ಯಸ್ಥ ಜನರಲ್ ಅನಿಲ್ ಚೌಹಾಣ್ ಮೇ 31ರಂದು ಸಿಂಗಪುರದಲ್ಲಿ ಒಪ್ಪಿಕೊಂಡರು. ಸಂಖ್ಯೆಯನ್ನು ಅವರು ತಿಳಿಸಲಿಲ್ಲ. ಎಷ್ಟು ವಿಮಾನಗಳು ಬಿದ್ದವು ಎಂಬುದಕ್ಕಿಂತ ಏಕೆ ಬಿದ್ದವು ಎಂಬುದೇ ಮುಖ್ಯವೆಂದೂ, ಲೋಪವನ್ನು ಗುರುತಿಸಿ ಸರಿಪಡಿಸಿಕೊಂಡು ಎರಡು ದಿನಗಳ ಬಳಿಕ ಮತ್ತೆ ಹಾರಾಟ ನಡೆಸಲಾಯಿತೆಂದೂ ಅವರು ಹೇಳಿದ್ದರು. ಪಾಕಿಸ್ತಾನ ಹೇಳಿಕೊಂಡ ಸಂಖ್ಯೆಯನ್ನು ಭಾರತ ತಳ್ಳಿಹಾಕಿದೆ. ಬಿದ್ದ ವಿಮಾನಗಳ ಎಣಿಕೆಯ ಬಗೆಗಿನ ವಾದವಿವಾದ ಟಿ.ವಿ. ಚರ್ಚೆಗಳಲ್ಲಿ ಸಾಕಷ್ಟು ನಡೆದಿದೆ. ಅಷ್ಟಾಗಿ ಚರ್ಚೆಯಾಗದ ಪ್ರಶ್ನೆ ಬೇರೊಂದಿದೆ: ನೂರು ಕಿ.ಮೀ. ಆಚೆಯಿಂದ ತನ್ನತ್ತ ಕ್ಷಿಪಣಿಯೊಂದು ಬರುತ್ತಿದೆ ಎಂಬುದು ಪೈಲಟ್‌ಗೆ ತಿಳಿಯುವುದು ಹೇಗೆ, ಮತ್ತು ಎಷ್ಟು ಹೊತ್ತಿಗೆ?

ರಾಯಿಟರ್ಸ್ ಸುದ್ದಿಸಂಸ್ಥೆ 2025ರ ಆಗಸ್ಟ್‌ನಲ್ಲಿ ಪ್ರಕಟಿಸಿದ ವರದಿಯೊಂದು ಈ ಪ್ರಶ್ನೆಯ ತೀವ್ರತೆಯನ್ನು ತೋರಿಸುತ್ತದೆ. ಪಿಎಲ್-15ರ ವ್ಯಾಪ್ತಿ ಸುಮಾರು 150 ಕಿ.ಮೀ. ಎಂದು ಭಾರತೀಯ ಪೈಲಟ್‌ಗಳು ನಂಬಿದ್ದರು. ಕ್ಷಿಪಣಿ ಸುಮಾರು 200 ಕಿ.ಮೀ. ದೂರದಿಂದ ಬಂದಿತ್ತು ಎಂದು ಪಾಕಿಸ್ತಾನಿ ಅಧಿಕಾರಿಗಳು ಹೇಳಿದ್ದಾಗಿ ಆ ವರದಿ ತಿಳಿಸಿತ್ತು. ಕ್ಷಿಪಣಿಯ ರಫ್ತು ಮಾದರಿಗೆ ಚೀನಾ ಬಹಿರಂಗವಾಗಿ ಹೇಳಿರುವ ವ್ಯಾಪ್ತಿ 145 ಕಿ.ಮೀ. ಬೆಂಗಳೂರು–ಮೈಸೂರು ರಸ್ತೆಯ ಅಂತರಕ್ಕೆ ಹೆಚ್ಚುಕಡಿಮೆ ಸಮ. ವರದಿಯ ಎಲ್ಲ ವಿವರಗಳನ್ನು ಭಾರತ ಅಧಿಕೃತವಾಗಿ ಒಪ್ಪಿಲ್ಲ. ಆದರೆ ಕಾಳಗದ ಸ್ವರೂಪದ ಬಗ್ಗೆ ಅದು ಹೇಳುವ ಮಾತು ಸ್ಪಷ್ಟ. ಎದುರಾಳಿಯ ಆಯುಧದ ಬಗೆಗಿನ ಮಾಹಿತಿ ತಪ್ಪಾದರೆ ವಿಮಾನ ಎಷ್ಟೇ ಉತ್ತಮವಾಗಿದ್ದರೂ ಅದು ಅಪಾಯದ ವಲಯದೊಳಗೆ ನಿಶ್ಚಿಂತೆಯಿಂದ ಹಾರುತ್ತಿರುತ್ತದೆ.

ಬೆಳಕು ಹಿಡಿದವನೇ ಮೊದಲು ಕಾಣುತ್ತಾನೆ

ರಾತ್ರಿ ಅಡಿಕೆ ತೋಟದಲ್ಲಿ ಬ್ಯಾಟರಿ ಹಿಡಿದು ಕಳ್ಳನನ್ನು ಹುಡುಕುವವನಿಗೆ ನಾಲ್ಕಾರು ಮರಗಳಾಚೆ ಏನೂ ಕಾಣದು. ಆದರೆ ಅವನ ಬ್ಯಾಟರಿಯ ಬೆಳಕು ತೋಟದ ಇನ್ನೊಂದು ಅಂಚಿನಲ್ಲಿ ಅಡಗಿದವನಿಗೂ ಕಾಣುತ್ತದೆ. ಯುದ್ಧವಿಮಾನದ ರಾಡಾರ್‌ನ ಸ್ಥಿತಿಯೂ ಇದೇ. ರಾಡಾರ್ ಹೊರಡಿಸಿದ ತರಂಗ ಗುರಿಯವರೆಗೆ ಹೋಗಿ, ಅಲ್ಲಿ ಬಡಿದು, ಕ್ಷೀಣ ಪ್ರತಿಧ್ವನಿಯಾಗಿ ಮರಳಬೇಕು. ಎದುರಿನ ವಿಮಾನದಲ್ಲಿರುವ ಗ್ರಾಹಕಕ್ಕಾದರೋ ಆ ತರಂಗ ಒಮ್ಮುಖವಾಗಿ ಬಂದು ತಲುಪಿದರೆ ಸಾಕು. ದೂರ ಎರಡು ಪಟ್ಟಾದರೆ ಕೇಳುವವನಿಗೆ ಸಿಗುವ ಶಕ್ತಿ ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ. ನೋಡುವವನಿಗೆ ಮರಳುವ ಪ್ರತಿಧ್ವನಿ ಹದಿನಾರನೇ ಒಂದು ಭಾಗಕ್ಕೆ ಕುಸಿಯುತ್ತದೆ. ವಿದ್ಯುನ್ಮಾನ ಸಮರದ ಬಹುಪಾಲು ತಂತ್ರಗಳು ಈ ಒಂದು ಅಸಮತೆಯ ಮೇಲೆ ನಿಂತಿವೆ.

ಹೀಗೆ ಕಿವಿಗೊಟ್ಟು ಕೇಳುವ ಉಪಕರಣವೇ ರಾಡಾರ್ ವಾರ್ನಿಂಗ್ ರಿಸೀವರ್. ವಿಮಾನದ ಮೂತಿ, ಬಾಲ, ರೆಕ್ಕೆಯ ತುದಿಗಳಲ್ಲಿ ಕೂರಿಸಿದ ಪುಟ್ಟ ಆಂಟೆನಾಗಳು ಸುತ್ತಲಿನ ರಾಡಾರ್ ತರಂಗಗಳನ್ನು ಹಿಡಿಯುತ್ತವೆ. ಬಂದ ತರಂಗದ ಕಂಪನಾಂಕ ಎಷ್ಟು, ಮಿಡಿತಗಳ ನಡುವಿನ ಅಂತರ ಎಷ್ಟು, ಯಾವ ದಿಕ್ಕಿನದು ಎಂಬುದನ್ನು ಗಣಕವು ಕ್ಷಣಾರ್ಧದಲ್ಲಿ ಲೆಕ್ಕಹಾಕಿ, ತನ್ನಲ್ಲಿರುವ ಪಟ್ಟಿಯೊಂದಿಗೆ ಹೋಲಿಸಿ, ಇಂಥ ರಾಡಾರ್ ಇಂಥ ದಿಕ್ಕಿನಿಂದ ನೋಡುತ್ತಿದೆ ಎಂದು ಪೈಲಟ್‌ನ ಮುಂದಿನ ಪರದೆಯಲ್ಲಿ ಗುರುತು ಮೂಡಿಸುತ್ತದೆ. ಅದೇ ರಾಡಾರ್ ಸುಮ್ಮನೆ ಸುತ್ತ ನೋಡುವುದನ್ನು ಬಿಟ್ಟು ಈ ಒಂದೇ ವಿಮಾನದ ಮೇಲೆ ನೆಟ್ಟರೆ ಕಿವಿಯಲ್ಲಿ ಬೇರೆಯೇ ಸದ್ದು ಮೊಳಗುತ್ತದೆ.

ಈ ಉಪಕರಣ ಯುದ್ಧವಿಮಾನಗಳಲ್ಲಿ ಅನಿವಾರ್ಯವಾದುದು ವಿಯೆಟ್ನಾಂ ಯುದ್ಧದಲ್ಲಿ. 1965ರ ಜುಲೈ 24ರಂದು ಸೋವಿಯತ್ ನಿರ್ಮಿತ ಎಸ್-75 ಕ್ಷಿಪಣಿಯು ಅಮೆರಿಕದ ಎಫ್-4ಸಿ ಫ್ಯಾಂಟಮ್ ವಿಮಾನವನ್ನು ಹೊಡೆದುರುಳಿಸಿತು. ವಿಯೆಟ್ನಾಂನಲ್ಲಿ ನೆಲದಿಂದ ಹಾರಿದ ಕ್ಷಿಪಣಿಗೆ ಬಲಿಯಾದ ಅಮೆರಿಕದ ಮೊದಲ ವಿಮಾನ ಅದು. ಅದೇ ವರ್ಷಾಂತ್ಯದ ಹೊತ್ತಿಗೆ ರಾಡಾರ್ ತರಂಗ ಹಿಡಿಯುವ ಗ್ರಾಹಕಗಳನ್ನು ಹೊತ್ತು ಕ್ಷಿಪಣಿ ನೆಲೆಗಳನ್ನೇ ಬೇಟೆಯಾಡುವ 'ವೈಲ್ಡ್ ವೀಸಲ್' ವಿಮಾನಗಳು ಕಣಕ್ಕಿಳಿದವು.

ರಾಡಾರ್‌ನ ಕಣ್ಣಿಗೆ ಮಣ್ಣೆರಚುವ ವಿದ್ಯೆ ಮಾತ್ರ ಅದಕ್ಕಿಂತ ಎರಡು ದಶಕ ಹಳೆಯದು. ಎರಡನೇ ಮಹಾಯುದ್ಧದಲ್ಲಿ, 1943ರ ಜುಲೈ 24ರ ರಾತ್ರಿ, ಜರ್ಮನಿಯ ಹ್ಯಾಂಬರ್ಗ್ ನಗರದ ಮೇಲೆ ದಾಳಿಗೆ ಹೊರಟ ಬ್ರಿಟನ್ನಿನ ಬಾಂಬರ್‌ಗಳು ಸುಮಾರು 27 ಸೆಂ.ಮೀ. ಉದ್ದದ ಲೋಹಲೇಪಿತ ಕಾಗದದ ಪಟ್ಟಿಗಳನ್ನು ಕಂತೆಕಂತೆಯಾಗಿ ಆಕಾಶದಲ್ಲಿ ಚೆಲ್ಲಿದವು. ಜರ್ಮನ್ ರಾಡಾರ್‌ನ ತರಂಗದೂರದ ಅರ್ಧದಷ್ಟಿದ್ದ ಆ ಪಟ್ಟಿಗಳು ಒಂದೊಂದು ಕಂತೆಯೂ ಒಂದೊಂದು ವಿಮಾನದಂತೆ ಪರದೆಯಲ್ಲಿ ಹೊಳೆದವು. 791 ವಿಮಾನಗಳ ಪೈಕಿ ಆ ರಾತ್ರಿ ಬ್ರಿಟನ್ ಕಳೆದುಕೊಂಡದ್ದು 12 ಮಾತ್ರ. ಇಂದಿಗೂ ಯುದ್ಧವಿಮಾನಗಳು 'ಚಾಫ್' ಹೆಸರಿನಲ್ಲಿ ಅದೇ ಉಪಾಯವನ್ನು ಬಳಸುತ್ತಿವೆ. ಕಾಗದದ ಬದಲು ಲೋಹ ಲೇಪಿಸಿದ ಗಾಜಿನ ನಾರು ಬಂದಿದೆ ಅಷ್ಟೆ.

ಮೌನವಾಗಿ ಬರುವ ಕ್ಷಿಪಣಿ

ಹಿಂದಿನ ತಲೆಮಾರಿನ ದೂರಗಾಮಿ ಕ್ಷಿಪಣಿಗಳು, ಉದಾಹರಣೆಗೆ ಅಮೆರಿಕದ ಸ್ಪಾರೊ ಅಥವಾ ರಷ್ಯಾದ ಆರ್-27ರ ರಾಡಾರ್ ಮಾದರಿ, ತಮ್ಮಷ್ಟಕ್ಕೆ ಗುರಿಯನ್ನು ಕಾಣಲಾರವು. ಉಡಾಯಿಸಿದ ವಿಮಾನವೇ ಕೊನೆಯವರೆಗೂ ಗುರಿಯ ಮೇಲೆ ರಾಡಾರ್ ಬೆಳಕು ಚೆಲ್ಲುತ್ತಿರಬೇಕಿತ್ತು. ಅದರ ಪ್ರತಿಫಲನವನ್ನು ಹಿಂಬಾಲಿಸಿ ಕ್ಷಿಪಣಿ ಸಾಗುತ್ತಿತ್ತು. ಇದರಿಂದ ಗುರಿಯಾದವನಿಗೆ ಒಂದು ಅನುಕೂಲವಿತ್ತು. ಕ್ಷಿಪಣಿ ಹೊರಟ ಹೊತ್ತಿನಿಂದಲೂ ತನ್ನ ಮೇಲೆ ಬಿದ್ದಿರುವ ಬೆಳಕಿನ ಎಚ್ಚರಿಕೆ ಅವನಿಗೆ ಸಿಗುತ್ತಿತ್ತು.

ಅಮೆರಿಕದ ಎಐಎಂ-120 ಆಮ್ರಾಮ್ 1991ರಲ್ಲಿ ಸೇವೆಗೆ ಬಂದಾಗ ಆ ಅನುಕೂಲ ಬಹುಮಟ್ಟಿಗೆ ಇಲ್ಲವಾಯಿತು. ಮೂತಿಯಲ್ಲೇ ಪುಟ್ಟ ರಾಡಾರ್ ಇಟ್ಟುಕೊಂಡ ಈ ಕ್ಷಿಪಣಿ 1992ರ ಡಿಸೆಂಬರ್ 27ರಂದು ಇರಾಕಿನ ಮಿಗ್-25 ವಿಮಾನವನ್ನು ಉರುಳಿಸಿ ತನ್ನ ಮೊದಲ ಬೇಟೆಯಾಡಿತು. ರಷ್ಯಾದ ಆರ್-77, ಐರೋಪ್ಯ ರಾಷ್ಟ್ರಗಳ ಮೀಟಿಯೋರ್, ಚೀನಾದ ಪಿಎಲ್-15, ಭಾರತದ ಅಸ್ತ್ರ ಇವೆಲ್ಲ ಇದೇ ಜಾತಿಗೆ ಸೇರಿದವು.

ಇವುಗಳ ಪ್ರಯಾಣದ ಬಗೆ ಹೀಗಿದೆ. ಉಡಾಯಿಸುವ ವಿಮಾನ ಗುರಿಯ ಮೇಲೆ ರಾಡಾರನ್ನು ನೆಡಬೇಕಾಗಿಲ್ಲ. ಆಕಾಶವನ್ನು ಎಂದಿನಂತೆ ಜಾಲಾಡುತ್ತಲೇ ಅದು ಗುರಿಯ ಪಥವನ್ನು ಅಂದಾಜು ಮಾಡಬಲ್ಲದು. ಕ್ಷಿಪಣಿ ತನ್ನೊಳಗಿನ ದಿಕ್ಸೂಚಿ ವ್ಯವಸ್ಥೆಯ ನೆರವಿನಿಂದ ಆ ಅಂದಾಜಿನ ಬಿಂದುವಿನತ್ತ ಹೊರಡುತ್ತದೆ; ನಡುದಾರಿಯಲ್ಲಿ ರೇಡಿಯೊ ಸಂದೇಶದ ಮೂಲಕ ತಿದ್ದುಪಡಿ ಪಡೆಯುತ್ತದೆ. ಅಲ್ಲಿಯವರೆಗೂ ಅದರ ಸ್ವಂತ ರಾಡಾರ್ ಮೌನವಾಗಿರುತ್ತದೆ. ಗುರಿ ಸಮೀಪಿಸಿದ ಮೇಲಷ್ಟೇ ಅದು ಕಣ್ತೆರೆಯುತ್ತದೆ. ಗುರಿಯಾದ ಪೈಲಟ್‌ಗೆ ಅಷ್ಟು ಹೊತ್ತೂ ಕಂಡದ್ದು ದೂರದಲ್ಲೊಂದು ರಾಡಾರ್ ಸುಮ್ಮನೆ ಅತ್ತಿತ್ತ ನೋಡುತ್ತಿದೆ ಎಂಬ ಗುರುತು ಮಾತ್ರ.

ಕ್ಷಿಪಣಿಯ ಕಣ್ಣು ತೆರೆದ ಮೇಲೆ ಉಳಿಯುವ ಸಮಯವೆಷ್ಟು? ಉದಾಹರಣೆಗೆ ಒಂದು ಲೆಕ್ಕ ಹಾಕಬಹುದು. ಎತ್ತರದ ಆಕಾಶದಲ್ಲಿ ಶಬ್ದದ ನಾಲ್ಕು ಪಟ್ಟು ವೇಗದ ಕ್ಷಿಪಣಿ ಸೆಕೆಂಡಿಗೆ ಸುಮಾರು 1.2 ಕಿ.ಮೀ. ಕ್ರಮಿಸುತ್ತದೆ. ಎದುರಿನಿಂದ ಬರುತ್ತಿರುವ ವಿಮಾನದ ವೇಗ ಸೆಕೆಂಡಿಗೆ 300 ಮೀಟರ್ ಎಂದಿಟ್ಟುಕೊಂಡರೆ ಎರಡರ ನಡುವಿನ ಅಂತರ ಸೆಕೆಂಡಿಗೆ ಒಂದೂವರೆ ಕಿ.ಮೀ.ನಂತೆ ಕರಗುತ್ತದೆ. 15 ಕಿ.ಮೀ. ಇರುವಾಗ ಎಚ್ಚರಿಕೆ ಸಿಕ್ಕಿದರೆ ಕೈಯಲ್ಲಿ ಉಳಿಯುವುದು ಹತ್ತು ಸೆಕೆಂಡು. ಆ ಹತ್ತು ಸೆಕೆಂಡಿನಲ್ಲಿ ಸದ್ದಿನ ಅರ್ಥ ಗ್ರಹಿಸಿ, ದಿಕ್ಕು ನಿರ್ಧರಿಸಿ, ಹಲವು ಟನ್ ತೂಕದ ವಿಮಾನವನ್ನು ತಿರುಗಿಸಬೇಕು. ಪೈಲಟ್‌ನ ಚಾಕಚಕ್ಯತೆಯನ್ನು ಎಷ್ಟು ಹೊಗಳಿದರೂ ಈ ಗಣಿತ ಬದಲಾಗದು.

ಹಾಗೆಂದು ಕ್ಷಿಪಣಿ ಅಜೇಯವೇನಲ್ಲ. ಅದರ ರಾಕೆಟ್ ಮೋಟಾರ್ ಉರಿಯುವುದು ಕೆಲವೇ ಸೆಕೆಂಡು. ಉಳಿದ ದಾರಿಯನ್ನು ಅದು ಎಸೆದ ಕಲ್ಲಿನಂತೆ ಗಳಿಸಿದ ವೇಗದಿಂದಲೇ ಸವೆಸಬೇಕು. ಕರಪತ್ರಗಳಲ್ಲಿ ಮುದ್ರಿತವಾಗುವ ವ್ಯಾಪ್ತಿ, ಎರಡೂ ವಿಮಾನಗಳು ಬಹು ಎತ್ತರದಲ್ಲಿ ಮುಖಾಮುಖಿಯಾಗಿ ಧಾವಿಸುತ್ತಿರುವ ಸನ್ನಿವೇಶಕ್ಕೆ ಅನ್ವಯಿಸುವಂಥದು. ಗುರಿ ಬೆನ್ನು ತಿರುಗಿಸಿ ಕೆಳಗಿನ ದಟ್ಟ ಗಾಳಿಯತ್ತ ಧುಮುಕಿದರೆ ಆ ವ್ಯಾಪ್ತಿ ಅರ್ಧಕ್ಕೂ ಕೆಳಗಿಳಿಯಬಹುದು. ಆದ್ದರಿಂದ ಎಚ್ಚರಿಕೆ ಬೇಗ ಸಿಕ್ಕಿದವನು ಬದುಕುತ್ತಾನೆ. ಈ ಕೊರತೆಯನ್ನು ನೀಗಿಸಲೆಂದೇ ಪಿಎಲ್-15ರಲ್ಲಿ ಎರಡು ಕಂತುಗಳಲ್ಲಿ ಉರಿಯುವ ಮೋಟಾರ್ ಇದೆ. ಭಾರತದ ರಫೇಲ್ ವಿಮಾನಗಳಲ್ಲಿರುವ ಮೀಟಿಯೋರ್ ಕ್ಷಿಪಣಿ ಹೊರಗಿನ ಗಾಳಿಯನ್ನೇ ಹೀರಿಕೊಂಡು ಇಂಧನ ಉರಿಸುತ್ತ, ಬೇಕೆಂದಾಗ ವೇಗ ಹೆಚ್ಚಿಸಿಕೊಳ್ಳಬಲ್ಲದು. ಇವುಗಳ ವಿಷಯದಲ್ಲಿ ತಡವಾದ ಎಚ್ಚರಿಕೆಯ ಬೆಲೆ ಇನ್ನಷ್ಟು ಹೆಚ್ಚು.

ಬಿಸಿಯನ್ನು ಅರಸುವ ಕಣ್ಣು

ಕ್ಷಿಪಣಿ ಮೌನವಾಗಿ ಬರುವುದಾದರೆ ಅದನ್ನು ಕಿವಿಯಿಂದಲ್ಲ, ಕಣ್ಣಿನಿಂದ ಹಿಡಿಯಬೇಕು. ಇದಕ್ಕಾಗಿ ಕ್ಷಿಪಣಿ ಆಗಮನ ಎಚ್ಚರಿಕೆ ವ್ಯವಸ್ಥೆಗಳಿವೆ. ಒಂದು ಬಗೆಯದು ಕ್ಷಿಪಣಿಯ ಬೆಂಕಿಬಾಲ ಹೊಮ್ಮಿಸುವ ಅತಿನೇರಳೆ ಕಿರಣಗಳನ್ನು ಗ್ರಹಿಸುತ್ತದೆ. ಸೂರ್ಯನ ಬೆಳಕಿನಲ್ಲಿ ಆ ಭಾಗದ ಕಿರಣಗಳನ್ನು ಓಝೋನ್ ಪದರವೇ ತಡೆಯುವುದರಿಂದ ಸುಳ್ಳು ಎಚ್ಚರಿಕೆಗಳು ಕಡಿಮೆ. ಹೆಗಲ ಮೇಲಿಟ್ಟು ಹಾರಿಸುವ ಕ್ಷಿಪಣಿಗಳಿಂದ ಹೆಲಿಕಾಪ್ಟರ್‌ಗಳನ್ನು ಕಾಪಾಡಲು ಇದು ಉತ್ತಮ. ಆದರೆ ನೂರು ಕಿ.ಮೀ. ದೂರದ ಕಾಳಗದಲ್ಲಿ ಕ್ಷಿಪಣಿ ಸಮೀಪಿಸುವ ಹೊತ್ತಿಗೆ ಅದರ ಬೆಂಕಿ ಆರಿಹೋಗಿ ಬಹಳ ಹೊತ್ತಾಗಿರುತ್ತದೆ.

ಅವಕೆಂಪು ಕಿರಣಗಳನ್ನು ಗ್ರಹಿಸುವ ಎರಡನೇ ಬಗೆಯ ವ್ಯವಸ್ಥೆ ಇಲ್ಲಿ ಮೇಲು. ಬೆಂಕಿ ಆರಿದರೂ ಗಾಳಿಯ ಘರ್ಷಣೆಯಿಂದ ಕಾದ ಕ್ಷಿಪಣಿಯ ಮೈ ತಣ್ಣನೆಯ ಆಕಾಶದ ಹಿನ್ನೆಲೆಯಲ್ಲಿ ಬಿಸಿ ಚುಕ್ಕೆಯಾಗಿ ಕಾಣುತ್ತದೆ. ರಫೇಲ್‌ನ ರಕ್ಷಣಾ ವ್ಯವಸ್ಥೆಯಾದ ಸ್ಪೆಕ್ಟ್ರಾದಲ್ಲಿ ಇಂಥ ಅವಕೆಂಪು ಸಂವೇದಕಗಳಿವೆ. ಅಮೆರಿಕದ ಎಫ್-35 ಆರು ಅವಕೆಂಪು ಕ್ಯಾಮೆರಾಗಳಿಂದ ಸುತ್ತಲೂ ನೋಡುತ್ತದೆ. ಆದರೆ ಮೋಡ ಅಡ್ಡಬಂದರೆ ಈ ಕಣ್ಣೂ ಮಂಜಾಗುತ್ತದೆ. ಕಾದ ಮರುಭೂಮಿ, ಕಾರ್ಖಾನೆಯ ಚಿಮಣಿ, ಮೋಡದಂಚಿನ ಬಿಸಿಲು ಇವುಗಳ ನಡುವೆ ಕ್ಷಿಪಣಿಯ ಚುಕ್ಕೆಯನ್ನು ಬೇರ್ಪಡಿಸುವುದು ಸುಲಭವಲ್ಲ. ಪದೇ ಪದೇ ಸುಳ್ಳು ಗಂಟೆ ಬಾರಿಸುವ ಯಂತ್ರವನ್ನು ಪೈಲಟ್‌ಗಳು ನಂಬುವುದನ್ನೇ ಬಿಡುತ್ತಾರೆ. ಆದಕಾರಣ ಇಂಥ ವ್ಯವಸ್ಥೆಗಳ ತಯಾರಕರ ಮುಖ್ಯ ತಲೆನೋವು ಸುಳ್ಳು ಎಚ್ಚರಿಕೆಯೇ ಆಗಿದೆ. ಸ್ವತಃ ರಾಡಾರ್ ತರಂಗ ಹೊರಡಿಸಿ ಬರುವ ಕ್ಷಿಪಣಿಯನ್ನು ಹುಡುಕುವ ಮೂರನೇ ವಿಧಾನವೂ ಇದೆ. ಅದು ದೂರ ಮತ್ತು ವೇಗವನ್ನು ಖಚಿತವಾಗಿ ಹೇಳಬಲ್ಲದಾದರೂ ತಾನಿರುವ ಜಾಗವನ್ನೂ ಸಾರಿ ಹೇಳಿಬಿಡುತ್ತದೆ.

ಸುಳ್ಳು ಹೇಳುವ ವಿದ್ಯೆ

ಕ್ಷಿಪಣಿ ಬರುತ್ತಿದೆ ಎಂದು ತಿಳಿದ ಬಳಿಕ ಪೈಲಟ್ ಮಾಡುವ ಮೊದಲ ಕೆಲಸ ವಿಮಾನವನ್ನು ತಿರುಗಿಸುವುದು. ಆಧುನಿಕ ರಾಡಾರ್‌ಗಳು ನೆಲದ ಪ್ರತಿಧ್ವನಿಯಿಂದ ವಿಮಾನವನ್ನು ಬೇರ್ಪಡಿಸುವುದು ವೇಗದ ವ್ಯತ್ಯಾಸದಿಂದ. ತಮ್ಮತ್ತ ಬರುವ ಅಥವಾ ತಮ್ಮಿಂದ ದೂರ ಸರಿಯುವ ವಸ್ತುವನ್ನು ಅವು ಸುಲಭವಾಗಿ ಹಿಡಿಯುತ್ತವೆ. ವಿಮಾನ ರಾಡಾರ್‌ಗೆ ಅಡ್ಡಲಾಗಿ, ಲಂಬಕೋನದಲ್ಲಿ ಹಾರಿದರೆ ಸಮೀಪಿಸುವ ವೇಗ ಶೂನ್ಯಕ್ಕಿಳಿದು ಅದು ನೆಲದ ಪ್ರತಿಧ್ವನಿಯೊಳಗೆ ಕರಗಿಹೋಗುತ್ತದೆ. ಆ ಕ್ಷಣದಲ್ಲಿ ಚೆಲ್ಲಿದ ಚಾಫ್‌ಗೆ ಅರ್ಥವಿದೆ. ನೇರ ಹಾರುತ್ತಲೇ ಚೆಲ್ಲಿದರೆ, ಗಾಳಿಯಲ್ಲಿ ನಿಂತುಬಿಡುವ ಆ ಮೋಡವನ್ನು ಇಂದಿನ ರಾಡಾರ್ ಕಡೆಗಣಿಸಿ ಮುಂದೆ ಸಾಗುತ್ತದೆ. ಭಾರತದಲ್ಲಿ ಜೋಧಪುರದ ರಕ್ಷಣಾ ಪ್ರಯೋಗಾಲಯ ಹಾಗೂ ಪುಣೆಯ ಎಚ್‌ಇಎಂಆರ್‌ಎಲ್ ಸೇರಿ ವಾಯುಪಡೆಗಾಗಿ ಸುಧಾರಿತ ಚಾಫ್ ತಯಾರಿಸಿರುವುದಾಗಿ ಡಿಆರ್‌ಡಿಒ 2021ರ ಆಗಸ್ಟ್‌ನಲ್ಲಿ ಪ್ರಕಟಿಸಿತ್ತು.

ಇನ್ನೊಂದು ಅಸ್ತ್ರ ಜಾಮರ್. ಜಾಮರ್ ಎಂದರೆ ಗದ್ದಲ ಎಬ್ಬಿಸಿ ಎದುರಾಳಿಯ ರಾಡಾರನ್ನು ಕಿವುಡಾಗಿಸುವ ಯಂತ್ರವೆಂಬುದು ಸಾಮಾನ್ಯ ತಿಳಿವಳಿಕೆ. ಹಿಂದೆ ಅದು ನಿಜವಾಗಿತ್ತು. ಇಂದಿನ ಜಾಮರ್ ಗದ್ದಲಕ್ಕಿಂತ ಹೆಚ್ಚಾಗಿ ಸುಳ್ಳನ್ನು ನಂಬಿಕೊಂಡಿದೆ. ಎದುರಾಳಿಯ ರಾಡಾರ್ ಮಿಡಿತವನ್ನು ಅದು ಡಿಜಿಟಲ್ ರೂಪದಲ್ಲಿ ಯಥಾವತ್ ನೆನಪಿಟ್ಟುಕೊಂಡು, ಅದರದೇ ನಕಲನ್ನು ಸ್ವಲ್ಪ ತಡಮಾಡಿ ಹಿಂದಕ್ಕೆ ಕಳುಹಿಸುತ್ತದೆ. ಒಂದು ಮೈಕ್ರೋಸೆಕೆಂಡ್, ಅಂದರೆ ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗ ತಡವಾದರೆ ವಿಮಾನ ಇದ್ದುದಕ್ಕಿಂತ 150 ಮೀಟರ್ ದೂರದಲ್ಲಿರುವಂತೆ ರಾಡಾರ್‌ಗೆ ಭಾಸವಾಗುತ್ತದೆ. ಮೊದಲು ನಿಜವಾದ ಪ್ರತಿಧ್ವನಿಯ ಜತೆಗೇ ಗಟ್ಟಿಯಾದ ನಕಲು ಹೋಗುತ್ತದೆ; ರಾಡಾರ್ ಅದನ್ನೇ ನೆಚ್ಚುತ್ತದೆ. ನಂತರ ನಕಲು ಸ್ವಲ್ಪ ಸ್ವಲ್ಪವೇ ಹಿಂದೆ ಸರಿಯುತ್ತದೆ, ರಾಡಾರ್‌ನ ಗಮನವೂ ಅದರ ಹಿಂದೆ ಸರಿಯುತ್ತದೆ. ಕೊನೆಗೆ ಜಾಮರ್ ಥಟ್ಟನೆ ಬಾಯಿ ಮುಚ್ಚಿದಾಗ ರಾಡಾರ್ ನೋಡುತ್ತಿರುವ ಜಾಗದಲ್ಲಿ ಬರಿಯ ಆಕಾಶವಿರುತ್ತದೆ.

ಇದಕ್ಕೂ ಪ್ರತಿತಂತ್ರಗಳಿವೆ. ಜಾಮರ್ ತರಂಗ ಹೊರಡಿಸುತ್ತಿದ್ದಂತೆ ಅದೇ ತರಂಗವನ್ನು ದಾರಿದೀಪವಾಗಿಸಿಕೊಂಡು ನುಗ್ಗುವ ಗುಣ ಆಮ್ರಾಮ್‌ನಂಥ ಕ್ಷಿಪಣಿಗಳಿಗಿದೆ. ದೂರದಲ್ಲಿ ಜಾಮರ್‌ನದೇ ಮೇಲುಗೈ. ಅಂತರ ಕಡಿಮೆಯಾದಂತೆ ನಿಜವಾದ ಪ್ರತಿಧ್ವನಿಯೇ ವೇಗವಾಗಿ ಬಲಗೊಂಡು, ಒಂದು ಹಂತದಲ್ಲಿ ಸುಳ್ಳನ್ನು ಸೀಳಿ ಹೊರಬರುತ್ತದೆ. ಅಂದರೆ ಜಾಮರ್ ಒದಗಿಸುವುದು ಕಾಲಾವಕಾಶವನ್ನೇ ಹೊರತು ಅಭಯವನ್ನಲ್ಲ. ಈ ಕಾರಣದಿಂದ ಸುಳ್ಳನ್ನು ವಿಮಾನದಿಂದಲೇ ದೂರವಿಡುವ ಉಪಾಯ ಹುಟ್ಟಿತು. ಉದ್ದನೆಯ ತಂತಿಯ ತುದಿಯಲ್ಲಿ ಪುಟ್ಟ ಹುಸಿಗುರಿಯೊಂದನ್ನು ಕಟ್ಟಿ ಎಳೆದೊಯ್ಯುವುದು. ಕ್ಷಿಪಣಿ ಬಂದು ಅದಕ್ಕೆ ಬಡಿಯಲಿ ಎಂಬ ಎಣಿಕೆ. 1999ರ ಕೊಸೊವೊ ಯುದ್ಧದಲ್ಲಿ ಅಮೆರಿಕದ ಬಿ-1 ಬಾಂಬರ್‌ಗಳು ಇಂಥ ಹುಸಿಗುರಿಗಳನ್ನು ಬಳಸಿದ್ದವು.

ಇತ್ತ ರಾಡಾರ್‌ಗಳೂ ಸುಮ್ಮನಿಲ್ಲ. ನೂರಾರು ಪುಟ್ಟ ಪ್ರಸಾರಕಗಳ ಸಾಲಿನಿಂದಾದ ಎಇಎಸ್‌ಎ ರಾಡಾರ್ ಮಿಡಿತದಿಂದ ಮಿಡಿತಕ್ಕೆ ಕಂಪನಾಂಕ ಬದಲಿಸಬಲ್ಲದು, ಕಿರಣವನ್ನು ಕ್ಷಣಾರ್ಧದಲ್ಲಿ ಬೇರೆಡೆ ತಿರುಗಿಸಬಲ್ಲದು. ಪಿಸುಮಾತಿನಷ್ಟು ಕ್ಷೀಣವಾಗಿ, ಹರಡಿಕೊಂಡು ಬರುವ ಅದರ ತರಂಗವನ್ನು ಹಳೆಯ ಗ್ರಾಹಕಗಳು ಬರಿಯ ಗದ್ದಲವೆಂದೇ ಬಗೆಯುವ ಸಾಧ್ಯತೆಯಿದೆ. ಅಲ್ಲಿಗೆ ಅಡಿಕೆ ತೋಟದ ಉಪಮೆಯೂ ಸ್ವಲ್ಪ ಮಟ್ಟಿಗೆ ಸೋಲುತ್ತದೆ.

ಪಟ್ಟಿಯಲ್ಲಿಲ್ಲದ ಶತ್ರು

ಎಚ್ಚರಿಕೆ ಕೊಡುವ ಯಂತ್ರ ಬಂದ ತರಂಗವನ್ನು ತನ್ನಲ್ಲಿರುವ ಪಟ್ಟಿಯೊಂದಿಗೆ ಹೋಲಿಸುತ್ತದೆ ಎಂಬುದನ್ನು ಮೇಲೆ ನೋಡಿದೆವು. ಇಡೀ ವ್ಯವಸ್ಥೆಯ ಪ್ರಾಣವಿರುವುದು ಆ ಪಟ್ಟಿಯಲ್ಲಿ. 1973ರ ಅರಬ್–ಇಸ್ರೇಲ್ ಯುದ್ಧದಲ್ಲಿ ಈಜಿಪ್ಟ್ ಮತ್ತು ಸಿರಿಯಾ ಬಳಸಿದ ಸೋವಿಯತ್ ಎಸ್‌ಎ-6 ಕ್ಷಿಪಣಿ ವ್ಯವಸ್ಥೆಯು ಮಿಡಿತದ ಬದಲು ನಿರಂತರ ತರಂಗದಿಂದ ಗುರಿಯನ್ನು ಬೆಳಗಿಸುತ್ತಿತ್ತು. ಇಸ್ರೇಲಿ ವಿಮಾನಗಳ ಗ್ರಾಹಕಗಳಿಗೆ ಅದರ ಪರಿಚಯವಿರಲಿಲ್ಲ. ಎಚ್ಚರಿಕೆಯೇ ಇಲ್ಲದೆ ಪೈಲಟ್‌ಗಳು ಬಲಿಯಾದರು. ಆ ಯುದ್ಧದಲ್ಲಿ ಇಸ್ರೇಲ್ ಒಟ್ಟಾರೆ ಸುಮಾರು ನೂರು ವಿಮಾನಗಳನ್ನು ಕಳೆದುಕೊಂಡಿತು.

ಅದೇ ಇಸ್ರೇಲ್ ಒಂಬತ್ತು ವರ್ಷಗಳ ಬಳಿಕ ಲೆಬನಾನಿನ ಬೆಕಾ ಕಣಿವೆಯಲ್ಲಿ ಪಾಠ ಕಲಿತ ವಿದ್ಯಾರ್ಥಿಯಂತೆ ಯುದ್ಧಕ್ಕಿಳಿಯಿತು. ಮೊದಲು ಮಾನವರಹಿತ ವಿಮಾನಗಳನ್ನು ಹಾರಿಬಿಟ್ಟು ಸಿರಿಯಾದ ರಾಡಾರ್‌ಗಳು ತಾವಾಗಿ ಬಾಯಿಬಿಡುವಂತೆ ಮಾಡಿ, ಅವುಗಳ ಗುಣಲಕ್ಷಣಗಳನ್ನು ದಾಖಲಿಸಿಕೊಂಡಿತು. 1982ರ ಜೂನ್ 9ರ ಒಂದೇ ದಿನದಲ್ಲಿ 19 ಕ್ಷಿಪಣಿ ನೆಲೆಗಳ ಪೈಕಿ 17 ನಾಶವಾದವು. ಸಿರಿಯಾದ ಪೈಲಟ್‌ಗಳು ನೆಲದ ನಿಯಂತ್ರಕರ ಸೂಚನೆಯನ್ನೇ ನೆಚ್ಚಿಕೊಂಡಿದ್ದರು. ಆ ರೇಡಿಯೊ ಸಂಪರ್ಕವನ್ನೇ ಇಸ್ರೇಲ್ ಜಾಮ್ ಮಾಡಿತು. ಮುಂದಿನ ಕೆಲ ದಿನಗಳಲ್ಲಿ ಸಿರಿಯಾ 80ಕ್ಕೂ ಅಧಿಕ ವಿಮಾನಗಳನ್ನು ಕಳೆದುಕೊಂಡಿತು.

ಪಟ್ಟಿಯ ಮಹತ್ವಕ್ಕೆ ಈಚಿನ ನಿದರ್ಶನ ಉಕ್ರೇನಿನದು. 2024ರಲ್ಲಿ ಐರೋಪ್ಯ ರಾಷ್ಟ್ರಗಳು ಉಕ್ರೇನಿಗೆ ಎಫ್-16 ವಿಮಾನಗಳನ್ನು ನೀಡಿದಾಗ ಅವುಗಳ ವಿದ್ಯುನ್ಮಾನ ರಕ್ಷಣಾ ಉಪಕರಣಕ್ಕೆ ಹೊಸ ಮಾಹಿತಿ ತುಂಬುವ ಕೆಲಸವನ್ನು ಡೆನ್ಮಾರ್ಕ್ ಹಾಗೂ ನಾರ್ವೆಯ ನೆರವಿನೊಂದಿಗೆ ಅಮೆರಿಕದ ವಾಯುಪಡೆಯ ವಿದ್ಯುನ್ಮಾನ ಸಮರ ತುಕಡಿಯೊಂದು ಮಾಡಬೇಕಾಯಿತು. ವಿಮಾನ ಸಿಕ್ಕಿದ ಮಾತ್ರಕ್ಕೆ ಶತ್ರುವಿನ ಗುರುತು ಸಿಗುವುದಿಲ್ಲ. ಆಮದು ಮಾಡಿಕೊಂಡ ವಿಮಾನದ ಪಟ್ಟಿಯನ್ನು ಕೊಂಡವರು ತಾವೇ ತಿದ್ದಬಹುದೇ ಎಂಬುದು ಒಪ್ಪಂದದಿಂದ ಒಪ್ಪಂದಕ್ಕೆ ಬದಲಾಗುತ್ತದೆ. ಬೆಲೆಯ ಚೌಕಾಸಿಯಷ್ಟೇ ಗಂಭೀರವಾಗಿ ಈ ಷರತ್ತಿನ ಚರ್ಚೆಯಾಗಬೇಕು; ನಮ್ಮಲ್ಲಿ ಸಾರ್ವಜನಿಕ ಚರ್ಚೆ ಬಹುತೇಕ ಬೆಲೆಗೇ ನಿಂತುಬಿಡುತ್ತದೆ. ಹೋಶಿಯಾರ್‌ಪುರದಲ್ಲಿ ಸಿಕ್ಕ ಪಿಎಲ್-15ರ ಭಾಗಗಳಿಗೆ ಇಷ್ಟು ಬೆಲೆ ಬಂದುದೂ ಇದೇ ಕಾರಣಕ್ಕೆ. ಶತ್ರುವಿನ ಕ್ಷಿಪಣಿಯ ಒಳಗನ್ನು ನೋಡುವ ಅವಕಾಶ ಯುದ್ಧದಲ್ಲಿ ಅಪರೂಪ.

ಶತ್ರುವಿನ ಗುರುತಿನಷ್ಟೇ ಮಿತ್ರರ ಗುರುತೂ ಮುಖ್ಯ. ಬಾಲಾಕೋಟ್ ದಾಳಿಯ ಮರುದಿನ, 2019ರ ಫೆಬ್ರವರಿ 27ರಂದು, ಬುದ್ಗಾಮ್‌ನಲ್ಲಿ ಭಾರತೀಯ ವಾಯುಪಡೆಯ ಎಂಐ-17 ಹೆಲಿಕಾಪ್ಟರ್ ನಮ್ಮದೇ ಕ್ಷಿಪಣಿಗೆ ಗುರಿಯಾಗಿ ಆರು ಮಂದಿ ಸಿಬ್ಬಂದಿ ಹಾಗೂ ನೆಲದ ಮೇಲಿದ್ದ ಒಬ್ಬ ನಾಗರಿಕ ಮೃತಪಟ್ಟರು. ಅದು ದೊಡ್ಡ ತಪ್ಪೆಂದು ಅಂದಿನ ವಾಯುಪಡೆ ಮುಖ್ಯಸ್ಥ ಆರ್.ಕೆ.ಎಸ್. ಭದೌರಿಯಾ ಅದೇ ವರ್ಷದ ಅಕ್ಟೋಬರ್‌ನಲ್ಲಿ ಒಪ್ಪಿಕೊಂಡರು. ಅದೇ ಬೆಳಿಗ್ಗೆ ವಿಂಗ್ ಕಮಾಂಡರ್ ಅಭಿನಂದನ್ ವರ್ಧಮಾನ್ ಅವರ ಮಿಗ್-21 ಬೈಸನ್ ಉರುಳಿತ್ತು. ಮರಳುವಂತೆ ನೆಲದಿಂದ ನೀಡಿದ ಸೂಚನೆ ರೇಡಿಯೊ ಜಾಮ್ ಆಗಿದ್ದರಿಂದ ಅವರಿಗೆ ಕೇಳಿಸಲಿಲ್ಲವೆಂದು ಆಗ ವರದಿಯಾಗಿತ್ತು. ರಜೌರಿ ಪ್ರದೇಶದಲ್ಲಿ ಸಿಕ್ಕ ಆಮ್ರಾಮ್ ಕ್ಷಿಪಣಿಯ ತುಂಡನ್ನು ಮಾರನೆಯ ದಿನ ದೆಹಲಿಯಲ್ಲಿ ಮೂರೂ ಪಡೆಗಳ ಅಧಿಕಾರಿಗಳು ಪ್ರದರ್ಶಿಸಿದರು. ತನ್ನತ್ತ ಬಂದ ಆಮ್ರಾಮ್‌ಗಳನ್ನು ಸುಖೋಯ್-30 ವಿಮಾನಗಳು ತಂತ್ರಗಾರಿಕೆಯಿಂದ ವಿಫಲಗೊಳಿಸಿದವೆಂಬುದು ವಾಯುಪಡೆಯ ಹೇಳಿಕೆ.

ದೂರದ ಕಣ್ಣುಗಳು

ಯುದ್ಧವಿಮಾನ ಒಂಟಿಯಾಗಿ ಹೋರಾಡುವ ಕಾಲ ಮುಗಿಯುತ್ತಿದೆ. ಬಹು ಹಿಂದೆ ಸುರಕ್ಷಿತ ಅಂತರದಲ್ಲಿ ಹಾರುವ ಮುನ್ನೆಚ್ಚರಿಕೆ ವಿಮಾನವು ತನ್ನ ದೊಡ್ಡ ರಾಡಾರ್‌ನಿಂದ ಗುರಿಯನ್ನು ಕಂಡು, ಆ ಮಾಹಿತಿಯನ್ನು ದತ್ತಾಂಶ ಸಂಪರ್ಕದ ಮೂಲಕ ಮುಂದಿನ ಯುದ್ಧವಿಮಾನಕ್ಕೆ ದಾಟಿಸಬಲ್ಲದು. ಮುಂದಿರುವವನು ತನ್ನ ರಾಡಾರ್ ಹೊತ್ತಿಸದೆಯೇ ಕ್ಷಿಪಣಿ ಹಾರಿಸಬಹುದು. ಆಗ ಗುರಿಯಾದವನಿಗೆ ಕೇಳಿಸಿಕೊಳ್ಳಲು ಸಮೀಪದಲ್ಲಿ ಯಾವ ಸದ್ದೂ ಇರುವುದಿಲ್ಲ. ಮೇ 7ರಂದು ಪಾಕಿಸ್ತಾನ ಇಂಥ ಜಾಲವನ್ನು ಬಳಸಿತ್ತೆಂದು ಅಲ್ಲಿನ ಅಧಿಕಾರಿಗಳನ್ನು ಉಲ್ಲೇಖಿಸಿ ರಾಯಿಟರ್ಸ್ ವರದಿ ಮಾಡಿತ್ತು.

ಹಾಗಾಗಿ ಆ ದೂರದ ಕಣ್ಣನ್ನು ಕೀಳುವುದೇ ಈಗಿನ ಮುಖ್ಯ ಗುರಿಯಾಗುತ್ತಿದೆ. ರಷ್ಯಾದ ಎ-50 ಮುನ್ನೆಚ್ಚರಿಕೆ ವಿಮಾನಗಳನ್ನು 2024ರ ಜನವರಿ ಹಾಗೂ ಫೆಬ್ರವರಿಯಲ್ಲಿ ಹೊಡೆದುರುಳಿಸಿದ್ದಾಗಿ ಉಕ್ರೇನ್ ಹೇಳಿಕೊಂಡಿತು. ಬೆಂಗಳೂರಿನ ಎಚ್‌ಎಎಲ್ ಸಭಾಂಗಣದಲ್ಲಿ 2025ರ ಆಗಸ್ಟ್ 9ರಂದು ಏರ್ ಚೀಫ್ ಮಾರ್ಷಲ್ ಎಲ್.ಎಂ. ಕಾತ್ರೆ ಸ್ಮಾರಕ ಉಪನ್ಯಾಸ ನೀಡಿದ ವಾಯುಪಡೆ ಮುಖ್ಯಸ್ಥ ಎ.ಪಿ. ಸಿಂಗ್, ಮೇ ತಿಂಗಳ ಸಂಘರ್ಷದಲ್ಲಿ ಪಾಕಿಸ್ತಾನದ ಐದು ಯುದ್ಧವಿಮಾನಗಳನ್ನೂ ಗೂಢಚರ್ಯೆ ಅಥವಾ ಮುನ್ನೆಚ್ಚರಿಕೆಗೆ ಬಳಕೆಯಾಗುವ ಒಂದು ದೊಡ್ಡ ವಿಮಾನವನ್ನೂ ಉರುಳಿಸಲಾಯಿತೆಂದು ತಿಳಿಸಿದರು. ದೊಡ್ಡ ವಿಮಾನಕ್ಕೆ ಗುರಿಯಿಟ್ಟ ಅಂತರ ಸುಮಾರು 300 ಕಿ.ಮೀ. ಎಂದೂ ಅವರು ಹೇಳಿದ್ದರು. ಪಾಕಿಸ್ತಾನ ಇದನ್ನು ಅಲ್ಲಗಳೆಯಿತು.

ಸಿ.ವಿ. ರಾಮನ್ ನಗರದ ಪಾಲು

ಈ ಕಾಣದ ಸಮರದಲ್ಲಿ ಭಾರತದ ಸಿದ್ಧತೆಯ ಬಹುಭಾಗ ನಡೆಯುತ್ತಿರುವುದು ಬೆಂಗಳೂರಿನಲ್ಲಿ. ಸಿ.ವಿ. ರಾಮನ್ ನಗರದಲ್ಲಿರುವ ಡಿಆರ್‌ಡಿಒದ ಡೇರ್ ಪ್ರಯೋಗಾಲಯ ರೂಪಿಸಿದ 'ತರಂಗ್' ರಾಡಾರ್ ವಾರ್ನಿಂಗ್ ರಿಸೀವರ್ ಅನ್ನು ಭಾರತ್ ಎಲೆಕ್ಟ್ರಾನಿಕ್ಸ್ ತಯಾರಿಸಿ ವಾಯುಪಡೆಗೆ ಒದಗಿಸಿದೆ. ಮಿಗ್-29 ವಿಮಾನಕ್ಕಾಗಿ ಡಿ-29 ಎಂಬ ವಿದ್ಯುನ್ಮಾನ ಸಮರ ವ್ಯವಸ್ಥೆಯನ್ನೂ ಇದೇ ಸಂಸ್ಥೆ ರೂಪಿಸಿದೆ. ಅದೇ ಬಡಾವಣೆಯ ಇನ್ನೊಂದು ಪ್ರಯೋಗಾಲಯ ಎಲ್‌ಆರ್‌ಡಿಇ, ತೇಜಸ್‌ಗಾಗಿ 'ಉತ್ತಮ್' ಎಇಎಸ್‌ಎ ರಾಡಾರ್ ಅಭಿವೃದ್ಧಿಪಡಿಸಿದೆ. ಬ್ರೆಜಿಲ್‌ನ ಎಂಬ್ರೇಯರ್ ವಿಮಾನದ ಬೆನ್ನ ಮೇಲೆ ಸ್ವದೇಶಿ ರಾಡಾರ್ ಕೂರಿಸಿ 'ನೇತ್ರ' ಮುನ್ನೆಚ್ಚರಿಕೆ ವಿಮಾನವನ್ನು ಸಿದ್ಧಪಡಿಸಿದ್ದು ನಗರದ ಮತ್ತೊಂದು ಪ್ರಯೋಗಾಲಯ ಕ್ಯಾಬ್ಸ್; ಮೊದಲ ನೇತ್ರ 2017ರ ಫೆಬ್ರವರಿಯಲ್ಲಿ ಯಲಹಂಕದ ಏರೋ ಇಂಡಿಯಾ ಪ್ರದರ್ಶನದಲ್ಲಿ ವಾಯುಪಡೆಗೆ ಹಸ್ತಾಂತರವಾಯಿತು.

ಕ್ಷಿಪಣಿಯ ವಿಷಯದಲ್ಲಿ ಹೈದರಾಬಾದ್ ಮುಂದಿದೆ. ಸುಮಾರು 100 ಕಿ.ಮೀ. ವ್ಯಾಪ್ತಿಯ ಅಸ್ತ್ರ ಕ್ಷಿಪಣಿಗಾಗಿ ರಕ್ಷಣಾ ಸಚಿವಾಲಯ 2022ರ ಮೇ ತಿಂಗಳಲ್ಲಿ ಭಾರತ್ ಡೈನಮಿಕ್ಸ್ ಜತೆ ₹2,971 ಕೋಟಿಯ ಒಪ್ಪಂದಕ್ಕೆ ಸಹಿ ಹಾಕಿತು. 2023ರ ಆಗಸ್ಟ್ 23ರಂದು ಗೋವಾ ಕರಾವಳಿಯಾಚೆ ತೇಜಸ್ ವಿಮಾನದಿಂದ ಅದನ್ನು ಪರೀಕ್ಷಾರ್ಥ ಉಡಾಯಿಸಲಾಯಿತು. ಕ್ಷಿಪಣಿಯ ಮೂತಿಯಲ್ಲಿರುವ ಶೋಧಕ ರಾಡಾರ್ ಕೂಡ ಸ್ವದೇಶಿಯಾಗಿರುವ ಮಾದರಿಯನ್ನು 2025ರ ಜುಲೈನಲ್ಲಿ ಒಡಿಶಾ ಕರಾವಳಿಯಲ್ಲಿ ಸುಖೋಯ್-30ರಿಂದ ಪರೀಕ್ಷಿಸಲಾಗಿದೆ. ಶೋಧಕದ ಗುಟ್ಟು ಬೇರೊಂದು ದೇಶದ ಕೈಯಲ್ಲಿದ್ದರೆ ಅದರ ಗುಣಲಕ್ಷಣಗಳು ಎದುರಾಳಿಯ ಪಟ್ಟಿಗೆ ಸೇರುವ ಸಾಧ್ಯತೆಯನ್ನು ತಳ್ಳಿಹಾಕುವಂತಿಲ್ಲ.

2025ರ ಸೆಪ್ಟೆಂಬರ್ 25ರಂದು ಎಚ್‌ಎಎಲ್ ಜತೆ 97 ತೇಜಸ್ ಎಂಕೆ-1ಎ ವಿಮಾನಗಳಿಗಾಗಿ ಮಾಡಿಕೊಂಡ ₹62,370 ಕೋಟಿಯ ಒಪ್ಪಂದದಲ್ಲಿ ಉತ್ತಮ್ ರಾಡಾರ್ ಹಾಗೂ 'ಸ್ವಯಂ ರಕ್ಷಾ ಕವಚ' ಎಂಬ ವಿದ್ಯುನ್ಮಾನ ಸಮರ ವ್ಯವಸ್ಥೆ ಎರಡೂ ಸೇರಿವೆ ಎಂದು ರಕ್ಷಣಾ ಸಚಿವಾಲಯ ತಿಳಿಸಿದೆ. ಅದರ ಮರುದಿನವೇ ಚಂಡೀಗಢದಲ್ಲಿ ಮಿಗ್-21 ವಿಮಾನಗಳಿಗೆ ವಾಯುಪಡೆ ವಿದಾಯ ಹೇಳಿತು. ಒಪ್ಪಂದದ ಪ್ರಕಾರ ಹೊಸ ತೇಜಸ್‌ಗಳ ಪೂರೈಕೆ 2027–28ರಲ್ಲಿ ಆರಂಭಗೊಂಡು ಆರು ವರ್ಷಗಳಲ್ಲಿ ಪೂರ್ಣಗೊಳ್ಳಬೇಕಿದೆ.